ಅರ್ಜಿ ಎಣಿಸಿ ಏನು ಬಂತು? ಕೈಯಲ್ಲಿ ದುಡ್ಡಿಲ್ಲದವರ ನೇಮಕಾತಿ ಜಾಹೀರಾತಿನ ಲೆಕ್ಕ

ನನಗೆ ಪರಿಚಯವಿರುವ ಸಣ್ಣ ಮುದ್ರಣಾಲಯವೊಂದರ ಮಾಲೀಕರು ಒಮ್ಮೆ ಹೀಗೊಂದು ಜಾಹೀರಾತು ಕೊಟ್ಟರು: "ಪ್ರತಿಷ್ಠಿತ ಸಂಸ್ಥೆಗೆ ಆಪರೇಟರ್ ಬೇಕಾಗಿದ್ದಾರೆ. ಅನುಭವವುಳ್ಳವರಿಗೆ ಆದ್ಯತೆ. ಆಕರ್ಷಕ ವೇತನ. ಕೂಡಲೇ ಸಂಪರ್ಕಿಸಿ." ಕೆಳಗೆ ಅವರದೇ ಮೊಬೈಲ್ ನಂಬರ್. ಮೂರು ದಿನ ಫೋನು ಕೆಳಗಿಡಲು ಆಗಲಿಲ್ಲ. ಕರೆ ಮಾಡಿದವರೆಲ್ಲರ ಮೊದಲ ಪ್ರಶ್ನೆ ಒಂದೇ: "ಯಾವ ಆಪರೇಟರ್ ಸಾರ್?" ಕ್ರೇನ್ ಓಡಿಸುವವರು, ಲಿಫ್ಟ್ ನೋಡಿಕೊಳ್ಳುವವರು, ಡೇಟಾ ಎಂಟ್ರಿ ಮಾಡುವವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತಿದ್ದವರು, ಎಲ್ಲರೂ ಆಪರೇಟರುಗಳೇ ತಾನೆ. ಇವರಿಗೆ ಬೇಕಾಗಿದ್ದವನು ಎರಡು ಬಣ್ಣದ ಆಫ್‌ಸೆಟ್ ಮಷಿನ್ ಓಡಿಸುವ ಒಬ್ಬನೇ ಒಬ್ಬ. ಮೂರನೇ ದಿನ ಸಂಜೆ ಸಿಕ್ಕಾಗ "ಜಾಹೀರಾತು ಭರ್ಜರಿಯಾಗಿ ಓಡಿತು ಕಣ್ರೀ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜನ ಮಾತ್ರ ಸಿಗಲಿಲ್ಲ" ಎಂದರು.

ಬಜೆಟ್ ಕಡಿಮೆಯಿರುವ ಸಂಸ್ಥೆಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಇಷ್ಟೇ ದುಡ್ಡಿನಲ್ಲಿ ಹೆಚ್ಚು ಜನಕ್ಕೆ ತಲುಪುವುದು ಹೇಗೆ?" ಎಂಬುದು. ಪ್ರಶ್ನೆಯೇ ತಪ್ಪು ಎನ್ನುವುದು ನನ್ನ ತಕರಾರು. ಇರುವ ಕೆಲಸ ಒಂದು. ಒಂದು ಸಾವಿರ ಜನಕ್ಕೆ ತಲುಪಿ ಏನು ಮಾಡುವುದು? ಒಂದು ಸಣ್ಣ ಲೆಕ್ಕ ಹಾಕಿ. 240 ಅರ್ಜಿ ಬಂದವು ಎಂದುಕೊಳ್ಳೋಣ. ಒಂದೊಂದನ್ನು ತೆರೆದು, ಕಣ್ಣಾಡಿಸಿ, ಪಕ್ಕಕ್ಕಿಡಲು ಮೂರು ನಿಮಿಷ. ಒಟ್ಟು 12 ಗಂಟೆ. ದೊಡ್ಡ ಕಂಪನಿಯಲ್ಲಾದರೆ ಇದಕ್ಕೆಂದೇ ಎಚ್‌ಆರ್ ವಿಭಾಗ ಇದೆ. ಸಣ್ಣ ಸಂಸ್ಥೆಯಲ್ಲಿ ಆ 12 ಗಂಟೆ ಮಾಲೀಕರ ತಲೆಯ ಮೇಲೆ ಬೀಳುತ್ತದೆ, ಇಲ್ಲವೇ ಅಕೌಂಟ್ಸ್ ನೋಡುವವರ ಮೇಲೆ. ಜಾಹೀರಾತಿಗೆ ಕೊಟ್ಟ ದುಡ್ಡು ಬಿಲ್ಲಿನಲ್ಲಿ ಕಾಣುತ್ತದೆ, ಈ ಗಂಟೆಗಳು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಹಾಗಾಗಿ ಉಚಿತ ಜಾಹೀರಾತು ಉಚಿತ ಎಂಬ ಭ್ರಮೆ ಉಳಿದುಕೊಂಡಿದೆ.

ಈ ಭ್ರಮೆ ಈಗ ಮೊದಲಿಗಿಂತ ದುಬಾರಿ. ಒಂದೇ ಗುಂಡಿ ಒತ್ತಿ ಅರ್ಜಿ ಹಾಕುವ ಸೌಲಭ್ಯ ಮೊದಲೇ ಇತ್ತು. ಅದರ ಮೇಲೆ ಈಗ ಕೃತಕ ಬುದ್ಧಿಮತ್ತೆ ಬಂದು ರೆಸ್ಯೂಮನ್ನೂ ಕವರ್ ಲೆಟರನ್ನೂ ಕ್ಷಣದಲ್ಲಿ ಬರೆದುಕೊಡುತ್ತಿದೆ. 2025ರ ಹೊತ್ತಿಗೆ ಲಿಂಕ್ಡ್‌ಇನ್ ಒಂದರಲ್ಲೇ ನಿಮಿಷಕ್ಕೆ ಸರಾಸರಿ 11 ಸಾವಿರ ಅರ್ಜಿಗಳು ಬೀಳುತ್ತಿವೆ ಎಂದು ವರದಿಯಾಗಿತ್ತು. ಅರ್ಜಿ ಹಾಕುವವರ ಶ್ರಮ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿದೆ, ಓದುವವರ ಶ್ರಮ ಇದ್ದಲ್ಲೇ ಇದೆ. ಅಭ್ಯರ್ಥಿಗಳನ್ನು ದೂರಿ ಪ್ರಯೋಜನವಿಲ್ಲ. ನೂರು ಕಡೆ ಅರ್ಜಿ ಹಾಕಿ ಒಂದು ಕಡೆಯಿಂದಲೂ ಉತ್ತರ ಬರದಿದ್ದರೆ ಯಾರಾದರೂ ನೂರಾ ಒಂದನೆಯದನ್ನು ಯೋಚಿಸದೇ ಹಾಕುತ್ತಾರೆ.

ಅರ್ಜಿಗಳ ಸಂಖ್ಯೆಯನ್ನೇ ಯಶಸ್ಸು ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರವಾಸೋದ್ಯಮ ಇಲಾಖೆಯ ಪ್ರಚಾರ ಒಳ್ಳೆಯ ಉದಾಹರಣೆ. 2009ರಲ್ಲಿ "ಜಗತ್ತಿನ ಅತ್ಯುತ್ತಮ ಕೆಲಸ" ಎಂದು ದ್ವೀಪವೊಂದರ ಉಸ್ತುವಾರಿ ಹುದ್ದೆಯನ್ನು ಜಾಹೀರು ಮಾಡಿದರು. ಒಂದೇ ಹುದ್ದೆಗೆ ಜಗತ್ತಿನ ಮೂಲೆಮೂಲೆಗಳಿಂದ 34 ಸಾವಿರಕ್ಕೂ ಹೆಚ್ಚು ಅರ್ಜಿ. ಅವರ ಮಟ್ಟಿಗೆ ಅದು ಭಾರೀ ಗೆಲುವೇ, ಏಕೆಂದರೆ ಅವರು ಮಾರುತ್ತಿದ್ದುದು ಕೆಲಸವನ್ನಲ್ಲ, ಕಡಲ ತೀರವನ್ನು. ನೀವು ಕಡಲ ತೀರ ಮಾರುತ್ತಿಲ್ಲವಾದರೆ 34 ಸಾವಿರ ಅರ್ಜಿ ಎನ್ನುವುದು ಶಾಪ.

ನೇಮಕಾತಿ ಪಾಠಗಳಲ್ಲಿ ಬಹಳ ಓಡುವ ಇನ್ನೊಂದು ಕತೆ ಧ್ರುವಯಾತ್ರಿ ಅರ್ನೆಸ್ಟ್ ಶ್ಯಾಕಲ್ಟನ್‌ನದು. ಅಂಟಾರ್ಕ್ಟಿಕಾ ಯಾತ್ರೆಗೆ ಆಳು ಬೇಕಾದಾಗ ಅಪಾಯ, ಕಡಿಮೆ ಸಂಬಳ, ಕೊರೆಯುವ ಚಳಿ ಎಂದೆಲ್ಲ ಪ್ರಾಮಾಣಿಕವಾಗಿ ಬರೆದು ಪತ್ರಿಕೆಯಲ್ಲಿ ಹಾಕಿಸಿದ ಎಂದು ಹೇಳುತ್ತಾರೆ. ಎಷ್ಟೋ ಜನ ಹಳೆಯ ಪತ್ರಿಕೆಗಳನ್ನು ಜಾಲಾಡಿದ್ದಾರೆ, ಆ ಜಾಹೀರಾತಿನ ಮೂಲ ಇವತ್ತಿಗೂ ಸಿಕ್ಕಿಲ್ಲ. 1914ರ ಆ ಯಾತ್ರೆಗೆ ಸಾವಿರಾರು ಜನ ಬರೆದುಕೊಂಡಿದ್ದು ನಿಜ. ಆದರೆ ಅದು ಯಾತ್ರೆಯ ಸುದ್ದಿ ಪತ್ರಿಕೆಗಳಲ್ಲಿ ಬಂದಿದ್ದರಿಂದ. ಕತೆ ಸುಳ್ಳಿದ್ದರೂ ಅದರೊಳಗಿನ ಸಲಹೆ ಸುಳ್ಳಲ್ಲ ಎನ್ನುವುದೇ ಇದರ ತಮಾಷೆ.

ಹೆಸರಿನಿಂದಲೇ ಶುರು

ಮುದ್ರಣಾಲಯದ ಜಾಹೀರಾತಿಗೆ ಮರಳೋಣ. ಅದರ ಮೊದಲ ತಪ್ಪು "ಆಪರೇಟರ್" ಎಂಬ ಒಂಟಿ ಪದ. ಆನ್‌ಲೈನ್ ಉದ್ಯೋಗ ತಾಣಗಳಲ್ಲಿ ಈ ತಪ್ಪಿಗೆ ನೇರವಾಗಿ ದಂಡ ಬೀಳುತ್ತದೆ. ಅಲ್ಲಿ ಹಲವು ಕಡೆ ದುಡ್ಡು ಕೊಡುವುದು ಕ್ಲಿಕ್ಕಿನ ಲೆಕ್ಕದಲ್ಲಿ. ಯಾರೋ ಒಬ್ಬರು ನಿಮ್ಮ ಜಾಹೀರಾತನ್ನು ಒತ್ತಿದರೆ ನೀವು ಗೊತ್ತುಮಾಡಿದ ದಿನದ ಖರ್ಚಿನ ಮಿತಿಯಿಂದ ಒಂದಿಷ್ಟು ಕಡಿತವಾಗುತ್ತದೆ. ಒತ್ತಿದವರು ಕ್ರೇನ್ ಆಪರೇಟರೋ ಆಫ್‌ಸೆಟ್ ಆಪರೇಟರೋ ಎಂಬುದು ಆ ಲೆಕ್ಕಕ್ಕೆ ಗೊತ್ತಿಲ್ಲ. ಅಸ್ಪಷ್ಟ ತಲೆಬರಹ ಎಂದರೆ ತಪ್ಪು ಜನರ ಪ್ರತಿ ಕ್ಲಿಕ್ಕಿಗೂ ನೀವು ಹಣ ತೆರುವುದು. ಮಧ್ಯಾಹ್ನದೊಳಗೆ ಮಿತಿ ಮುಗಿದು, ಸಂಜೆ ಕೆಲಸ ಬಿಟ್ಟು ಬಂದು ಮೊಬೈಲ್ ತೆರೆಯುವ ನಿಜವಾದ ಅಭ್ಯರ್ಥಿಗೆ ನಿಮ್ಮ ಜಾಹೀರಾತು ಕಾಣಿಸುವುದೇ ಇಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಒಂದಿದೆ. "ಮಾರಾಟ ನಿಂಜಾ", "ಕೋಡಿಂಗ್ ರಾಕ್‌ಸ್ಟಾರ್", "ಗ್ರಾಹಕ ಸಂತೋಷ ಅಧಿಕಾರಿ" ಎಂಬ ಹೆಸರುಗಳನ್ನು ಇಟ್ಟವರಿಗೆ ಖುಷಿ ಕೊಡಬಹುದು, ಹುಡುಕುವವರು ಮಾತ್ರ ಹುಡುಕು ಪೆಟ್ಟಿಗೆಯಲ್ಲಿ ಅದನ್ನು ಟೈಪ್ ಮಾಡುವುದಿಲ್ಲ. ಆ ಕೆಲಸ ಮಾಡುವವರು ತಮ್ಮ ಕೆಲಸವನ್ನು ಮನೆಯಲ್ಲಿ ಏನೆಂದು ಹೇಳಿಕೊಳ್ಳುತ್ತಾರೋ ಅದೇ ಹೆಸರು ಸಾಕು.

ಪದಗಳ ಆಯ್ಕೆಯಲ್ಲಿ ಇನ್ನೂ ಸೂಕ್ಷ್ಮವಾದ ಸೋರಿಕೆ ಇದೆ. 2011ರಲ್ಲಿ ಗೌಚರ್, ಫ್ರೀಸನ್, ಕೇ ಎಂಬ ಮೂವರು ಸಂಶೋಧಕರು ಉದ್ಯೋಗ ಜಾಹೀರಾತುಗಳ ಭಾಷೆಯನ್ನು ಪರಿಶೀಲಿಸಿದರು. ಗಂಡಸರೇ ಹೆಚ್ಚಿರುವ ಕ್ಷೇತ್ರಗಳ ಜಾಹೀರಾತುಗಳಲ್ಲಿ ಪೈಪೋಟಿ, ಪ್ರಾಬಲ್ಯ, ಮುಂದಾಳ್ತನ ಸೂಚಿಸುವ ಪದಗಳು ಹೆಚ್ಚಿದ್ದವು. ಅಂಥ ಪದಗಳಿರುವ ಜಾಹೀರಾತು ಓದಿದ ಹೆಂಗಸರಿಗೆ ಆ ಕೆಲಸ ಅಷ್ಟಾಗಿ ಹಿಡಿಸಲಿಲ್ಲ. ತಮಗೆ ಆ ಕೆಲಸ ಬರುವುದಿಲ್ಲ ಎಂದು ಅವರಿಗೆ ಅನ್ನಿಸಿದ್ದಲ್ಲ, ತಮ್ಮಂಥವರು ಅಲ್ಲಿ ಇರಲಾರರು ಎಂದು ಅನ್ನಿಸಿದ್ದು. ಒಂದು ವಿಶೇಷಣಕ್ಕಾಗಿ ಅರ್ಧ ಮಾರುಕಟ್ಟೆಯನ್ನು ಕಳೆದುಕೊಳ್ಳುವುದು ಬಡವರ ಲಕ್ಷಣವಲ್ಲ. "ಯುವ, ಚುರುಕಾದ, ಒತ್ತಡ ತಾಳಿಕೊಳ್ಳಬಲ್ಲ" ಎಂದು ಬರೆಯುವವರು ಇದನ್ನು ಒಮ್ಮೆ ಯೋಚಿಸಬೇಕು. ಕೊನೆಯದನ್ನಂತೂ ಅಭ್ಯರ್ಥಿಗಳು "ಇಲ್ಲಿ ಒಬ್ಬರಿಂದ ಇಬ್ಬರ ಕೆಲಸ ತೆಗೆಯುತ್ತಾರೆ" ಎಂದೇ ಓದಿಕೊಳ್ಳುತ್ತಾರೆ.

ಸಂಬಳದ ಮುಚ್ಚುಮರೆ

"ಅರ್ಹತೆಗೆ ತಕ್ಕ ವೇತನ" ಎಂಬ ಮೂರು ಪದಗಳಷ್ಟು ದುಬಾರಿ ಪದಗಳನ್ನು ನಾನು ಜಾಹೀರಾತುಗಳಲ್ಲಿ ಕಂಡಿಲ್ಲ. ಸಂಬಳ ಬರೆಯದಿದ್ದರೆ ಎರಡು ಬಗೆಯವರು ಬರುತ್ತಾರೆ: ನೀವು ಕೊಡಲಾಗದಷ್ಟು ನಿರೀಕ್ಷಿಸುವವರು, ಏನು ಕೊಟ್ಟರೂ ಸೈ ಎನ್ನುವವರು. ನಡುವಿನವರು, ಅಂದರೆ ಈಗಾಗಲೇ ಒಂದು ಕಡೆ ನೆಟ್ಟಗೆ ಕೆಲಸ ಮಾಡಿಕೊಂಡು, ಸ್ವಲ್ಪ ಹೆಚ್ಚು ಸಿಕ್ಕರೆ ಬರೋಣ ಎಂದುಕೊಂಡಿರುವವರು, ಒಂದು ದಿನ ರಜೆ ಹಾಕಿ ಸಂದರ್ಶನಕ್ಕೆ ಬಂದು ಅಲ್ಲಿ ಮೊತ್ತ ಕೇಳಿ ವಾಪಸು ಹೋಗುವಷ್ಟು ಬಿಡುವಾಗಿರುವುದಿಲ್ಲ. ನಿಮಗೆ ಬೇಕಾದವರು ಅವರೇ.

ಪ್ರತಿಸ್ಪರ್ಧಿಗಳಿಗೆ ಗೊತ್ತಾಗುತ್ತದೆ ಎಂಬುದು ಸಂಬಳ ಮುಚ್ಚಿಡಲು ಎಲ್ಲರೂ ಕೊಡುವ ಕಾರಣ. ಪ್ರತಿಸ್ಪರ್ಧಿಗಳಿಗೆ ಅದು ಗೊತ್ತಿರುತ್ತದೆ, ಬಿಡಿ. ನಿಜವಾದ ಭಯ ಒಳಗಿನದು. ಹೊಸಬರಿಗೆ ಕೊಡಲು ಹೊರಟಿರುವ ಮೊತ್ತ ಐದು ವರ್ಷದಿಂದ ಇರುವವರ ಸಂಬಳಕ್ಕಿಂತ ಹೆಚ್ಚಾಗಿಬಿಟ್ಟಿರುತ್ತದೆ, ಅವರು ನೋಡಿಬಿಟ್ಟರೆ ಎಂಬ ಅಳುಕು. ಆ ಅಳುಕಿಗೆ ಜಾಹೀರಾತಿನಲ್ಲಿ ಮದ್ದಿಲ್ಲ. ಹೊಸಬರು ಸೇರಿದ ವಾರದಲ್ಲೇ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಗುತ್ತದೆ.

ಕೆಲವು ಕಡೆ ಈ ಚರ್ಚೆಯನ್ನು ಕಾನೂನೇ ಮುಗಿಸಿದೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2021ರ ಜನವರಿಯಿಂದ ಜಾಹೀರಾತಿನಲ್ಲೇ ಸಂಬಳದ ವಿವರ ಹಾಕಬೇಕು. ನ್ಯೂಯಾರ್ಕ್ ನಗರ 2022ರ ನವೆಂಬರ್‌ನಿಂದ, ಕ್ಯಾಲಿಫೋರ್ನಿಯಾ 2023ರ ಜನವರಿಯಿಂದ ಇದೇ ದಾರಿ ಹಿಡಿದವು. ಸಂದರ್ಶನಕ್ಕೂ ಮೊದಲೇ ಅಭ್ಯರ್ಥಿಗೆ ಸಂಬಳದ ಮಾಹಿತಿ ಕೊಡಬೇಕೆನ್ನುವ ನಿರ್ದೇಶನವನ್ನು ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿತು, ಸದಸ್ಯ ರಾಷ್ಟ್ರಗಳಿಗೆ ಅದನ್ನು ತಮ್ಮ ಕಾನೂನಿಗೆ ಇಳಿಸಿಕೊಳ್ಳಲು 2026ರ ಜೂನ್ ವರೆಗೆ ಗಡುವು ಕೊಟ್ಟಿತು. ಕಾನೂನಿನ ಒತ್ತಾಯ ಇಲ್ಲದ ಕಡೆ ಸಂಬಳ ಬರೆಯುವುದು ಸಣ್ಣ ಸಂಸ್ಥೆಗೆ ಇನ್ನೂ ಲಾಭ, ಏಕೆಂದರೆ ಅಲ್ಲಿ ದೊಡ್ಡವರು ಬರೆಯುತ್ತಿರುವುದಿಲ್ಲ. ಅವರ ಹೆಸರಿನ ಎದುರು ನಿಮ್ಮ ಹೆಸರು ನಿಲ್ಲದಿರಬಹುದು. ಅವರ ಮೌನದ ಎದುರು ನಿಮ್ಮ ಅಂಕಿ ನಿಲ್ಲುತ್ತದೆ.

ಅಂದಹಾಗೆ, ನಂಬಿಕೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಕೆಲಸ ಕೊಡಿಸುತ್ತೇವೆಂದು ದುಡ್ಡು ಕಟ್ಟಿಸಿಕೊಂಡು ಮಾಯವಾಗುವ ವಂಚನೆ ಎಷ್ಟು ಹಬ್ಬಿದೆಯೆಂದರೆ, ಹೆಸರೇ ಕೇಳಿರದ ಸಂಸ್ಥೆಯ ಜಾಹೀರಾತನ್ನು ಜನ ಮೊದಲು ಅನುಮಾನದಿಂದಲೇ ನೋಡುತ್ತಾರೆ. "ಪ್ರತಿಷ್ಠಿತ ಸಂಸ್ಥೆ" ಎಂದು ಬರೆದು ಹೆಸರು ಮರೆಮಾಚಿದರೆ ಅನುಮಾನ ಖಾತರಿಯಾದಂತೆ. ಸಂಸ್ಥೆಯ ಹೆಸರು, ಪೂರ್ತಿ ವಿಳಾಸ, ಮಾತಾಡಬೇಕಾದವರ ಹೆಸರು, ಸ್ವಂತ ಡೊಮೈನಿನ ಇಮೇಲ್, "ಯಾವ ಹಂತದಲ್ಲೂ ಶುಲ್ಕ ಇಲ್ಲ" ಎಂಬ ಒಂದು ಸಾಲು. ಇದಕ್ಕೆಲ್ಲ ಹೆಚ್ಚೆಂದರೆ ನಾಲ್ಕು ಸಾಲಿನ ಜಾಗ ಸಾಕು.

ಎಲ್ಲಿ ಹಾಕಬೇಕು?

ಸಂಸ್ಥೆಗೆ ವೆಬ್‌ಸೈಟ್ ಇದ್ದರೆ ಮೊದಲ ಜಾಗ ಅದೇ. ಗೂಗಲ್ 2017ರಲ್ಲಿ ತನ್ನ ಹುಡುಕಾಟದೊಳಗೇ ಉದ್ಯೋಗಗಳ ಪಟ್ಟಿ ತೋರಿಸಲು ಶುರುಮಾಡಿತು. ಅದರಲ್ಲಿ ಸೇರಲು ದುಡ್ಡು ಕೊಡಬೇಕಿಲ್ಲ. ಹುದ್ದೆಯ ಪುಟದಲ್ಲಿ ಹುದ್ದೆಯ ಹೆಸರು, ವಿವರಣೆ, ಪ್ರಕಟಿಸಿದ ದಿನ, ಸಂಸ್ಥೆಯ ಹೆಸರು, ಕೆಲಸದ ಸ್ಥಳ ಇವನ್ನು ಯಂತ್ರ ಓದಬಲ್ಲ ನಿಗದಿತ ರೂಪದಲ್ಲಿ ಸೇರಿಸಿದರೆ ಆಯಿತು. ಸಂಬಳ, ಕೊನೆಯ ದಿನಾಂಕ ಸೇರಿಸಿದರೆ ಇನ್ನೂ ಒಳ್ಳೆಯದು. ವೆಬ್‌ಸೈಟ್ ನೋಡಿಕೊಳ್ಳುವವರಿಗೆ "ಜಾಬ್ ಪೋಸ್ಟಿಂಗ್ ಸ್ಕೀಮಾ ಹಾಕಿ" ಎಂದರೆ ಅವರಿಗೆ ತಿಳಿಯುತ್ತದೆ. ಪ್ರತಿ ಹುದ್ದೆಗೂ ಪ್ರತ್ಯೇಕ ಪುಟ ಇರಬೇಕು, ಹುದ್ದೆ ತುಂಬಿದ ದಿನವೇ ತೆಗೆಯಬೇಕು. ತುಂಬಿದ ಹುದ್ದೆಯನ್ನು ತಿಂಗಳುಗಟ್ಟಲೆ ನೇತುಹಾಕಿದರೆ ಗೂಗಲ್ ನಿಮ್ಮ ಪುಟಗಳನ್ನು ಆ ಪಟ್ಟಿಯಿಂದಲೇ ಕೈಬಿಡಬಹುದು.

ಉದ್ಯೋಗ ತಾಣಗಳ ಉಚಿತ ಜಾಹೀರಾತಿಗೆ ಆಯುಸ್ಸು ಕಡಿಮೆ. ಹಾಕಿದ ಕೆಲವು ದಿನ ಮೇಲಿರುತ್ತದೆ, ಆಮೇಲೆ ದುಡ್ಡು ಕೊಟ್ಟವರ ಕೆಳಗೆ ಇಳಿಯುತ್ತಾ ಹೋಗುತ್ತದೆ. ದುಡ್ಡು ಹಾಕಲೇಬೇಕಾದರೆ ಐದು ಸಾಮಾನ್ಯ ತಾಣಗಳಿಗೆ ಹಂಚುವ ಬದಲು ಆ ವೃತ್ತಿಯವರೇ ನೋಡುವ ಒಂದು ತಾಣಕ್ಕೆ ಹಾಕಿ. ಸಾಮಾಜಿಕ ಜಾಲತಾಣಗಳಲ್ಲಿ ವಯಸ್ಸು, ಲಿಂಗ ಆರಿಸಿ ಜಾಹೀರಾತು ತೋರಿಸಿ ಹಣ ಉಳಿಸೋಣ ಎಂಬ ಉಪಾಯ ಬೇಡ. ತಾರತಮ್ಯದ ದೂರುಗಳ ನಂತರ 2019ರಲ್ಲಿ ಫೇಸ್‌ಬುಕ್ ಅಮೆರಿಕದಲ್ಲಿ ಉದ್ಯೋಗ ಜಾಹೀರಾತುಗಳಿಗೆ ಆ ಆಯ್ಕೆಗಳನ್ನು ತೆಗೆಯಲು ಒಪ್ಪಬೇಕಾಯಿತು.

ವಾಟ್ಸ್ಆ್ಯಪ್ ಫಾರ್ವರ್ಡ್ ಬಗ್ಗೆ ಎರಡು ಮಾತು. ಅದರಷ್ಟು ಅಗ್ಗದ ದಾರಿ ಬೇರೆ ಇಲ್ಲ, ಅದರಷ್ಟು ಕೈ ತಪ್ಪುವುದೂ ಬೇರೆ ಇಲ್ಲ. ಕೊನೆಯ ದಿನಾಂಕ ಇಲ್ಲದೆ ಬಿಟ್ಟ ಸಂದೇಶ ವರ್ಷಗಟ್ಟಲೆ ಗುಂಪಿನಿಂದ ಗುಂಪಿಗೆ ತಿರುಗುತ್ತಿರುತ್ತದೆ. ಹುದ್ದೆ ತುಂಬಿ, ಸೇರಿದವರು ಬಿಟ್ಟುಹೋದ ಮೇಲೂ ಕರೆ ಬರುತ್ತಿರುತ್ತದೆ. ದಿನಾಂಕವನ್ನು ಮೊದಲ ಸಾಲಿನಲ್ಲೇ ಹಾಕಿ. ಬಣ್ಣಬಣ್ಣದ ಪೋಸ್ಟರ್ ಮಾತ್ರ ಕಳಿಸಬೇಡಿ, ಪಠ್ಯವಾಗಿಯೂ ಕಳಿಸಿ. ಚಿತ್ರದೊಳಗಿನ ಅಕ್ಷರವನ್ನು ಗುಂಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ನಂಬರ್ ಮೇಲೆ ಬೆರಳಿಟ್ಟರೆ ಕರೆ ಹೋಗುವುದಿಲ್ಲ.

ಇಷ್ಟೆಲ್ಲ ಇದ್ದರೂ ಅತ್ಯಂತ ಕಡಿಮೆ ಖರ್ಚಿನ ದಾರಿ ಜಾಹೀರಾತೇ ಅಲ್ಲ, ಬಾಯಿಮಾತು. ಇದಕ್ಕೆ ಅರ್ಧ ಶತಮಾನದ ಸಾಕ್ಷಿ ಇದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಮೆರಿಕದ ಮ್ಯಾಸಚೂಸೆಟ್ಸ್‌ನ ನ್ಯೂಟನ್ ಎಂಬಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಮಾತಾಡಿಸಿದಾಗ, ಅರ್ಧಕ್ಕಿಂತ ಹೆಚ್ಚು ಜನ ಕೆಲಸ ಹಿಡಿದಿದ್ದು ಪರಿಚಯದವರ ಮೂಲಕ ಎಂದು ತಿಳಿಯಿತು. ಅಷ್ಟೇ ಆಗಿದ್ದರೆ ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಅವರು ಇನ್ನೊಂದು ಪ್ರಶ್ನೆ ಕೇಳಿದರು: ಆ ಪರಿಚಯದವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಆಗಾಗ ಎಂದವರು ನೂರಕ್ಕೆ 17ರ ಆಸುಪಾಸು. ಮಿಕ್ಕವರಿಗೆಲ್ಲ ಕೆಲಸದ ಸುದ್ದಿ ತಂದವರು ಎಂದೋ ಒಮ್ಮೆ ಸಿಗುವವರು, ಇಲ್ಲವೇ ಸಿಗುವುದೇ ಅಪರೂಪವಾದವರು. 1973ರ ಅವರ ಪ್ರಬಂಧ ಇದನ್ನು ದುರ್ಬಲ ಸಂಬಂಧಗಳ ಬಲ ಎಂದು ಕರೆಯಿತು. ಆಪ್ತರಿಗೆ ಗೊತ್ತಿರುವುದು ನಮಗೆ ಈಗಾಗಲೇ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ. ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಐದು ವರ್ಷಗಳ ಮಾಹಿತಿ ಇಟ್ಟುಕೊಂಡು ನಡೆದ ಅಧ್ಯಯನವೊಂದು 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಸ್ವಲ್ಪ ತಿದ್ದುಪಡಿಯೊಂದಿಗೆ ಅದು ಗ್ರಾನೊವೆಟರ್ ಮಾತನ್ನೇ ಎತ್ತಿಹಿಡಿಯಿತು: ತೀರಾ ಅಪರಿಚಿತರೂ ಅಲ್ಲ, ಆಪ್ತರೂ ಅಲ್ಲ, ನಡುವಿನ ಪರಿಚಯಗಳೇ ಕೆಲಸ ಬದಲಿಸಲು ಹೆಚ್ಚು ನೆರವಾಗುತ್ತವೆ.

ನೇಮಕ ಮಾಡುವವರಿಗೆ ಇದರ ಅರ್ಥ ಏನು? "ನಿಮಗೆ ಯಾರಾದರೂ ಗೊತ್ತಿದ್ದರೆ ಹೇಳಿ" ಎಂದು ಸಿಬ್ಬಂದಿಗೆ ಹೇಳಿ ಕೈ ತೊಳೆದುಕೊಂಡರೆ ಬರುವವರು ಅವರ ತಮ್ಮ, ಭಾವ, ಪಕ್ಕದ ಮನೆಯವರು. ಕೆಲವೊಮ್ಮೆ ಅದೇ ಸರಿಹೋಗಬಹುದು, ಆದರೆ ಹೀಗೇ ಮುಂದುವರಿದರೆ ಸಂಸ್ಥೆ ಪೂರಾ ಒಂದೇ ಗುಂಪಿನವರಾಗಿ, ಒಬ್ಬರು ಮುನಿಸಿಕೊಂಡರೆ ನಾಲ್ವರು ರಜೆ ಹಾಕುವ ಸ್ಥಿತಿ ಬರುತ್ತದೆ. ಅದರ ಬದಲು ಆ ವೃತ್ತಿಯ ಅಂಚಿನಲ್ಲಿ ಓಡಾಡುವವರನ್ನು ಹುಡುಕಬೇಕು: ಕಚ್ಚಾ ಸಾಮಗ್ರಿ ತಂದುಕೊಡುವವರು, ರಿಪೇರಿಗೆ ಬರುವವರು, ತರಬೇತಿ ಸಂಸ್ಥೆಯ ಬೋಧಕರು, ಒಳ್ಳೆಯ ಮಾತಿನಲ್ಲಿ ಬಿಟ್ಟುಹೋದ ಹಳೆಯ ನೌಕರರು. ಇನ್ನೊಂದು ಪಟ್ಟಿ ನಿಮ್ಮ ಇಮೇಲಿನಲ್ಲೇ ಧೂಳು ತಿನ್ನುತ್ತಿದೆ. ಹೋದ ಸಲ ಸಂದರ್ಶನದಲ್ಲಿ ಎರಡನೆಯವರಾಗಿ ಉಳಿದವರು. ಅವರಿಗೆ ಆಗ ಒಂದು ಸೌಜನ್ಯದ ಉತ್ತರ ಬರೆದಿದ್ದರೆ ಈಗ ಒಂದು ಕರೆ ಸಾಕು.

ಮುದ್ರಣಾಲಯದವರು ಎರಡನೇ ಸಲ ಬರೆದದ್ದು ಹೀಗಿತ್ತು: "ಎರಡು ಬಣ್ಣದ ಆಫ್‌ಸೆಟ್ ಮಷಿನ್ ಓಡಿಸುವವರು ಬೇಕು. ಪ್ಲೇಟ್ ಹಾಕುವುದು, ಬಣ್ಣ ಕೂಡಿಸುವುದು, ಬ್ಲಾಂಕೆಟ್ ತೊಳೆಯುವುದು ಎಲ್ಲ ನಿಮ್ಮದೇ, ಜೊತೆಗೆ ಒಬ್ಬ ಸಹಾಯಕ ಇರುತ್ತಾನೆ. ಬೆಳಿಗ್ಗೆ 9ರಿಂದ ಸಂಜೆ 6. ತಿಂಗಳ ಕೊನೆಯ ವಾರ ತಡವಾಗಬಹುದು." ಕೆಳಗೆ ಸಂಬಳದ ಕನಿಷ್ಠ, ಗರಿಷ್ಠ ಮೊತ್ತ, ಹೆಸರು, ವಿಳಾಸ, ಕೊನೆಯ ದಿನ. ಕೊನೆಗೆ ಒಂದು ಕೋರಿಕೆ: "ಈವರೆಗೆ ಯಾವ ಯಾವ ಮಷಿನ್ ಓಡಿಸಿದ್ದೀರಿ ಎಂದು ಒಂದು ವಾಯ್ಸ್ ಮೆಸೇಜ್ ಕಳಿಸಿ."

ಆ ಕೊನೆಯ ಸಾಲೇ ಜರಡಿ. ಗೂಗಲ್ 2004ರಲ್ಲಿ ಸಿಲಿಕಾನ್ ವ್ಯಾಲಿಯ ಹೆದ್ದಾರಿ ಬದಿ ಕಂಪನಿಯ ಹೆಸರೇ ಇಲ್ಲದ ಫಲಕ ನಿಲ್ಲಿಸಿ, ಇ ಎಂಬ ಗಣಿತ ಸ್ಥಿರಾಂಕದ ಅಂಕಿಗಳಲ್ಲಿ ಮೊದಲು ಸಿಗುವ ಹತ್ತಂಕಿಯ ಅವಿಭಾಜ್ಯ ಸಂಖ್ಯೆ ಯಾವುದು ಎಂದು ಕೇಳಿತ್ತು. ಬಿಡಿಸಿದವರಿಗೆ ಮಾತ್ರ ಮುಂದಿನ ದಾರಿ. ಅದಕ್ಕೂ ಹಿಂದೆ, 1942ರ ಜನವರಿಯಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆ 12 ನಿಮಿಷದೊಳಗೆ ಪದಬಂಧ ಬಿಡಿಸುವ ಸ್ಪರ್ಧೆ ನಡೆಸಿದಾಗ, ಭಾಗವಹಿಸಿದ ಕೆಲವರಿಗೆ ಆಮೇಲೆ ಶತ್ರುಗಳ ಗೂಢಲಿಪಿ ಬಿಡಿಸುವ ಬ್ರಿಟನ್ನಿನ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕಿನ ಕೆಲಸಕ್ಕೆ ಕರೆ ಹೋಯಿತು. ನಮಗೆ ಹೆದ್ದಾರಿ ಫಲಕವೂ ಬೇಡ, ಪದಬಂಧವೂ ಬೇಡ. ಕೆಲಸ ಗೊತ್ತಿದ್ದವರಿಗೆ ಒಂದು ನಿಮಿಷ ಹಿಡಿಯುವ, ಗೊತ್ತಿಲ್ಲದವರಿಗೆ ಹೇಗೆ ಶುರುಮಾಡುವುದೆಂದೇ ತೋಚದ ಒಂದು ಪ್ರಶ್ನೆ ಸಾಕು. ಆದರೆ ಅಲ್ಲಿಗೇ ನಿಲ್ಲಿಸಿ. ಹತ್ತು ಪುಟದ ಫಾರಂ, ಮೂರು ದಿನದ ಪುಕ್ಕಟೆ ಕೆಲಸ ಕೇಳಿದರೆ ಮೊದಲು ಓಡಿಹೋಗುವವರು ಒಳ್ಳೆಯವರೇ, ಏಕೆಂದರೆ ಅವರಿಗೆ ಬೇರೆ ದಾರಿ ಇದೆ.

ಎರಡನೇ ಜಾಹೀರಾತಿಗೆ ಬಂದ ಸಂದೇಶ ಹನ್ನೊಂದು. ಮಾಲೀಕರಿಗೆ ಮೊದಲು ಬೇಜಾರಾಯಿತು. ಹನ್ನೊಂದರಲ್ಲಿ ಏಳು ಜನ ನಿಜವಾದ ಆಫ್‌ಸೆಟ್ ಆಪರೇಟರುಗಳು. "ಎಲ್ಲಿ ನೋಡಿದಿರಿ?" ಎಂದು ಪ್ರತಿಯೊಬ್ಬರನ್ನೂ ಕೇಳಿ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದರು. ಇಬ್ಬರು ವಾಟ್ಸ್ಆ್ಯಪ್ ಗುಂಪಿನಲ್ಲಿ, ಒಬ್ಬರು ಆನ್‌ಲೈನ್ ತಾಣದಲ್ಲಿ, ಉಳಿದ ನಾಲ್ವರಿಗೂ ಹೇಳಿದ್ದು ಒಬ್ಬನೇ ಮನುಷ್ಯ: ಪ್ರೆಸ್ಸಿನಿಂದ ಪ್ರೆಸ್ಸಿಗೆ ಮಷಿನ್ ರಿಪೇರಿಗೆ ಹೋಗುವ ಮೆಕ್ಯಾನಿಕ್. ಯಾವ ಪ್ರೆಸ್ಸಿನಲ್ಲಿ ಯಾರು ಒಳ್ಳೆಯ ಕೆಲಸಗಾರ, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ಅವನ ಬಾಯಲ್ಲಿ. ಏಳರಲ್ಲಿ ಐವರು ಬಂದು ಮಷಿನ್ ನೋಡಿ ಹೋದರು. ಒಬ್ಬರೂ ಸೇರಲಿಲ್ಲ.

ಮಾಲೀಕರು ದುಡ್ಡು ಹಾಕಿ ಇನ್ನೊಂದು ಜಾಹೀರಾತು ಕೊಡುವ ಯೋಚನೆಯಲ್ಲಿದ್ದರು. ರೋಲರ್ ಬದಲಿಸಲು ಬಂದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಹೇಳಿದನಂತೆ: "ಜಾಹೀರಾತು ಚೆನ್ನಾಗೇ ಇದೆ ಸಾರ್. ತಿಂಗಳ ಕೊನೆಗೆ ತಡ ಆಗುತ್ತೆ ಅಂತ ಬರೆದಿದ್ದೀರಲ್ಲ, ಅದಕ್ಕೆ ಓಟಿ ಕೊಡಲ್ಲ ಅಂತ ಎಲ್ಲರಿಗೂ ಗೊತ್ತು."

ಆ ಸಂಜೆ ಅವರು ಜಾಹೀರಾತಿಗೆ ಎರಡು ಪದ ಸೇರಿಸಿದರು: "ಓಟಿ ಪ್ರತ್ಯೇಕ." ಹಳೆಯ ಇಬ್ಬರು ಕೆಲಸಗಾರರಿಗೂ ಆ ತಿಂಗಳಿಂದ ಓಟಿ ಶುರುವಾಯಿತು. ಬಂದು ನೋಡಿಹೋಗಿದ್ದ ಐವರಲ್ಲಿ ಒಬ್ಬರು ಮುಂದಿನ ಸೋಮವಾರ ಕೆಲಸಕ್ಕೆ ಬಂದರು.